ಮಾಳಿಗೆ ಮೇಲೊಂದು ಕಾಸ್ಮಿಕ್ ಕಿರಣದ ಟೆಲಿಸ್ಕೋಪ್

ನಮ್ಮ ಮನೆ ಮಾಳಿಗೆ ಮೇಲೆ ಒಂದು ತಗಡಿನ ಡಬ್ಬಿ ಇದೆ. ಮೊದಲು ಅದರಲ್ಲಿ ಬಿಸ್ಕತ್ತು ಇತ್ತು. ಈಗ ಅರ್ಧ ಗೇಣು ಉದ್ದದ ಎರಡು ಲೋಹದ ಕೊಳವೆಗಳು ಒಂದರ ಮೇಲೊಂದು ಕೂತಿವೆ. ನಿಮಿಷಕ್ಕೊಂದು ಸಲ, ಕೆಲವೊಮ್ಮೆ ಎರಡು ನಿಮಿಷಕ್ಕೊಂದು ಸಲ ಡಬ್ಬಿ 'ಟಕ್' ಅನ್ನುತ್ತದೆ. ಬೇಸಿಗೆಯಲ್ಲಿ ಕೊಪ್ಪಳದ ಮನೆಗಳೊಳಗೆ ಮಲಗೋದು ಕಷ್ಟ. ಊಟ ಆದ ಮೇಲೆ ಚಾಪೆ ಎತ್ತಿಕೊಂಡು ಮಾಳಿಗೆ ಹತ್ತುತ್ತೇವೆ. ಮೊದಲ ರಾತ್ರಿ ನಮ್ಮವ್ವ ಕೇಳಿದಳು: "ಏನಪಾ ಅದು, ರಾತ್ರಿಯೆಲ್ಲಾ ಟಕ್ ಟಕ್ ಅಂತೈತಿ?"

"ಆಕಾಶದಿಂದ ಒಂದೊಂದು ಕಣ ಬೀಳ್ತದವ್ವ. ಬಿದ್ದಾಗೊಮ್ಮೆ ಟಕ್ ಅಂತದ" ಅಂದೆ.

"ನಮ್ಮ ಮ್ಯಾಲೂ ಬೀಳ್ತದೇನು?"

ಬೀಳುತ್ತದೆ. ಕೈ ಚಾಚಿ ಅಂಗೈ ಮೇಲೆ ಮಾಡಿ ಹಿಡಿದರೆ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಣ ಅದರ ಮೂಲಕ ಹಾದು ಹೋಗುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ನಿಮಿಷಕ್ಕೊಂದು. ನೋವಿಲ್ಲ, ಗುರುತಿಲ್ಲ. ಚರ್ಮ, ಎಲುಬು, ಚಾಪೆ, ಮಾಳಿಗೆಯ ಕಾಂಕ್ರೀಟು ಎಲ್ಲವನ್ನೂ ದಾಟಿ ನೆಲದೊಳಗೆ ಇಳಿಯುತ್ತದೆ. ಇದನ್ನು ಹಿಡಿಯಲು ಕೋಟಿ ರೂಪಾಯಿಯ ಯಂತ್ರವೇ ಬೇಕು ಅಂತ ನಮ್ಮ ಮಕ್ಕಳು ನಂಬಿದ್ದಾರೆ. ನಾನು ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುವವನು. ನನ್ನ ಡಬ್ಬಿಗೆ ಒಟ್ಟು ಹತ್ತು ಸಾವಿರ ರೂಪಾಯಿಯೂ ಹಿಡಿಯಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಮೋಸ ಹೋಗುತ್ತದೆ, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನೋದನ್ನು ಬಿಡಿಸಿ ಹೇಳುತ್ತೇನೆ.

ಮೇಲಿನಿಂದ ಬರುವುದು ಏನು?

ನೂರು ವರ್ಷದ ಹಿಂದೆ ವಿಜ್ಞಾನಿಗಳಿಗೆ ಒಂದು ಒಗಟು ಕಾಡುತ್ತಿತ್ತು. ಚಾರ್ಜ್ ಮಾಡಿ ಇಟ್ಟ ಉಪಕರಣ, ಎಷ್ಟೇ ಭದ್ರವಾಗಿ ಮುಚ್ಚಿದರೂ, ಮೆಲ್ಲಗೆ ಚಾರ್ಜ್ ಕಳೆದುಕೊಳ್ಳುತ್ತಿತ್ತು. ನೆಲದ ಕಲ್ಲಿನಲ್ಲಿರುವ ವಿಕಿರಣವೇ ಕಾರಣ ಅಂದುಕೊಂಡರು. ಹಾಗಿದ್ದರೆ ಮೇಲೆ ಹೋದಷ್ಟೂ ಅದು ಕಡಿಮೆ ಆಗಬೇಕು, ಅಲ್ವಾ? ಆಸ್ಟ್ರಿಯಾದ ವಿಕ್ಟರ್ ಹೆಸ್ 1912ರ ಆಗಸ್ಟ್ 7ರಂದು ಬಲೂನಿನಲ್ಲಿ 5,000 ಮೀಟರಿಗೂ ಮೇಲೆ ಹೋದರು. ಅಲ್ಲಿ ವಿಕಿರಣ ಜಾಸ್ತಿಯಾಗಿತ್ತು. ಅಂದರೆ ಅದು ಆಕಾಶದಿಂದಲೇ ಬರುತ್ತಿತ್ತು. ಅದಕ್ಕೇ ಕಾಸ್ಮಿಕ್ ಕಿರಣ ಅನ್ನೋದು. ಈ ಕೆಲಸಕ್ಕೆ ಅವರಿಗೆ 1936ರಲ್ಲಿ ನೊಬೆಲ್ ಬಂತು.

ಹಾಗೆ ಬರುವವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಪ್ರೋಟಾನ್‌ಗಳು. ಒಂಬತ್ತರಷ್ಟು ಹೀಲಿಯಂ ಪರಮಾಣುವಿನ ನ್ಯೂಕ್ಲಿಯಸ್. ಉಳಿದದ್ದು ಇನ್ನೂ ಭಾರದವು. ಇವು ಸೀದಾ ನೆಲಕ್ಕೆ ಬರುವುದಿಲ್ಲ. ಹತ್ತು ಹದಿನೈದು ಕಿಲೋಮೀಟರಿಗೂ ಮೇಲೆ, ಗಾಳಿಯ ಯಾವುದೋ ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಗುದ್ದಿ ಚೂರಾಗುತ್ತವೆ. ಆ ಚೂರುಗಳು ಮತ್ತೆ ಗುದ್ದುತ್ತವೆ. ಒಂದರಿಂದ ಹತ್ತು, ಹತ್ತರಿಂದ ನೂರು ಅಂತ ಕಣಗಳ ಮಳೆಯೇ ಹುಟ್ಟುತ್ತದೆ. ಅದರಲ್ಲಿ ನೆಲದವರೆಗೂ ಬಂದು ನಮ್ಮ ಡಬ್ಬಿಗೆ ಸಿಗುವ ಕಣದ ಹೆಸರು ಮ್ಯೂಆನ್. ಎಲೆಕ್ಟ್ರಾನಿನ ಅಣ್ಣ ಇದ್ದ ಹಾಗೆ, ತೂಕ ಮಾತ್ರ 207 ಪಟ್ಟು.

ಮ್ಯೂಆನಿನ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ ಮಾತ್ರ. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ದಾಟಬಹುದು, ಅಷ್ಟೇ. ಹುಟ್ಟಿದ ಜಾಗದಿಂದ ಕೊಪ್ಪಳಕ್ಕೆ ಹದಿನೈದು ಕಿಲೋಮೀಟರ್ ಇದೆ! ಆದರೂ ಬರುತ್ತದೆ. ಅಷ್ಟು ವೇಗದಲ್ಲಿ ಓಡುವ ಕಣದ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನ ಆಗುತ್ತದೆ ಅಂತ ಐನ್‌ಸ್ಟೀನ್ 1905ರಲ್ಲೇ ಹೇಳಿದ್ದರು. ಪಠ್ಯಪುಸ್ತಕದಲ್ಲಿ ಸೂತ್ರವಾಗಿ ಕೂತಿರುವ ಮಾತು ನನ್ನ ಮಾಳಿಗೆಯಲ್ಲಿ ಟಕ್ ಅನ್ನುತ್ತಿದೆ. ಪ್ರತಿ ವರ್ಷ ಈ ಪಾಠಕ್ಕೆ ಬಂದಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಕಲ್ಲಿನ ನಾಡಿನ ತೊಂದರೆ

ಒಂದೇ ಕೊಳವೆ ಇಟ್ಟರೆ ಸಾಕಾಗುವುದಿಲ್ಲವಾ? ಇಲ್ಲ. ಯಾಕೆ ಅಂತ ತಿಳಿಯಲು ನಮ್ಮ ಸುತ್ತಲಿನ ಗುಡ್ಡ ನೋಡಿದರೆ ಸಾಕು. ಕೊಪ್ಪಳ, ಆನೆಗೊಂದಿ, ಬಳ್ಳಾರಿ, ರಾಯಚೂರು, ಎತ್ತ ತಿರುಗಿದರೂ ಗ್ರಾನೈಟ್ ಬಂಡೆ. ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಸ್ವಲ್ಪ ಸ್ವಲ್ಪ ಇರುತ್ತವೆ. ಹೆದರುವಂಥದ್ದೇನಲ್ಲ, ನಮ್ಮ ಹಿರಿಯರು ಈ ಕಲ್ಲಿನಲ್ಲೇ ಮನೆ ಕಟ್ಟಿ ಬದುಕಿದ್ದಾರೆ. ಆದರೆ ಕೊಳವೆಗೆ ಮೇಲಿನಿಂದ ಬಂದದ್ದು ಯಾವುದು, ಕೆಳಗಿನ ಕಲ್ಲಿನಿಂದ ಬಂದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಥರ ಟಕ್ ಅನ್ನುತ್ತದೆ. ಒಂದು ಕೊಳವೆಯನ್ನು ಮನೆಯೊಳಗಿನ ಕಲ್ಲಿನ ನೆಲದ ಮೇಲಿಟ್ಟು ಹತ್ತು ನಿಮಿಷ ಎಣಿಸಿ, ಆಮೇಲೆ ಮಾಳಿಗೆಯ ಮಧ್ಯದಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲಿಟ್ಟು ಎಣಿಸಿ ನೋಡಿ. ಎಣಿಕೆ ಬೇರೆ ಬೇರೆ ಬರುತ್ತದೆ.

ಇಲ್ಲಿ ಒಂದು ಹಳೇ ಉಪಾಯ ನೆರವಿಗೆ ಬರುತ್ತದೆ. ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬನೇ ಬಂದು ಹೇಳಿದರೆ ಹಿರಿಯರು ತಲೆ ಆಡಿಸಿ ಸುಮ್ಮನಾಗುತ್ತಾರೆ. "ಎರಡನೇ ಸಾಕ್ಷಿ ಯಾರು?" ಅಂತ ಕೇಳುತ್ತಾರೆ. ಜರ್ಮನಿಯ ವಾಲ್ಟರ್ ಬೋಥೆ ಮತ್ತು ವರ್ನರ್ ಕೋಲ್ಹೋರ್ಸ್ಟರ್ 1929ರಲ್ಲಿ ಕೇಳಿದ್ದು ಇದನ್ನೇ. ಎರಡು ಕೊಳವೆಗಳನ್ನು ಒಂದರ ಮೇಲೊಂದು ಇಟ್ಟರು. ಎರಡೂ ಒಂದೇ ಕ್ಷಣದಲ್ಲಿ ಬಡಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಕಲ್ಲಿನಿಂದ ಬರುವ ಕಣ ಒಂದು ಕೊಳವೆಯನ್ನು ತಟ್ಟಬಲ್ಲದು. ಎರಡನ್ನೂ, ನಡುವೆ ಇಡುವ ಲೋಹದ ತಟ್ಟೆಯನ್ನೂ ದಾಟುವ ಕಸುವು ಅದಕ್ಕಿಲ್ಲ. ಮ್ಯೂಆನಿಗೆ ಆ ತಟ್ಟೆ ಇದ್ದದ್ದೇ ಗೊತ್ತಾಗುವುದಿಲ್ಲ. ಮರುವರ್ಷ ಇಟಲಿಯ ಬ್ರೂನೋ ರೋಸ್ಸಿ ಇದೇ ಕೆಲಸಕ್ಕೆ ಚುರುಕಾದ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಮಾಡಿದರು. ಬೋಥೆಗೆ 1954ರಲ್ಲಿ ನೊಬೆಲ್ ಬಂದದ್ದು ಈ ವಿಧಾನಕ್ಕೇ.

ಟೆಲಿಸ್ಕೋಪ್ ಅನ್ನೋ ಹೆಸರು ಬಂದದ್ದೂ ಇಲ್ಲಿಂದಲೇ. ಈ ಕಣಗಳನ್ನು ಬಗ್ಗಿಸಿ ಒಂದೆಡೆ ಸೇರಿಸುವ ಮಸೂರ ಇಲ್ಲ. ಆದರೆ ಎರಡು ಕೊಳವೆಯನ್ನೂ ತಟ್ಟಿದ ಕಣ ಅವೆರಡನ್ನೂ ಸೇರಿಸುವ ಗೆರೆಯಲ್ಲೇ ಬಂದಿರಬೇಕು. ಡಬ್ಬಿ ವಾಲಿಸಿದರೆ ಗೆರೆಯೂ ವಾಲುತ್ತದೆ. ಅಲ್ಲಿಗೆ ದಿಕ್ಕು ಸಿಕ್ಕಿತು.

ಲೆಕ್ಕ ಹಾಕಿ ನೋಡಿದರೆ ಇದರ ಬಲ ತಿಳಿಯುತ್ತದೆ. ಒಂದೊಂದು ಕೊಳವೆ ನಿಮಿಷಕ್ಕೆ 24 ಸಲ ಬಡಿಯುತ್ತದೆ ಅನ್ನೋಣ, ಅಂದರೆ ಸೆಕೆಂಡಿಗೆ 0.4. 'ಒಂದೇ ಕ್ಷಣ' ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ ಅಂತ ಇಟ್ಟುಕೊಳ್ಳೋಣ. ಎರಡು ಬೇರೆ ಬೇರೆ ಕಣಗಳು ಸುಮ್ನೆ ಅಕಸ್ಮಾತ್ತಾಗಿ ಒಟ್ಟಿಗೆ ತಟ್ಟುವ ಪ್ರಮಾಣ: 2 × 0.4 × 0.4 × 0.0001. ಇದನ್ನು ದಿನದ 86,400 ಸೆಕೆಂಡಿಗೆ ಗುಣಿಸಿದರೆ ಮೂರಕ್ಕಿಂತ ಸ್ವಲ್ಪ ಕಡಿಮೆ. ದಿನಕ್ಕೆ ತಲಾ ಮೂವತ್ತು ಸಾವಿರಕ್ಕೂ ಮೀರಿ ಬಡಿಯುವ ಎರಡು ಕೊಳವೆಗಳು ಒಟ್ಟಾಗಿ ಹೇಳುವ ಸುಳ್ಳು ಮೂರೇ ಮೂರು. ನಿಜವಾದ ಮ್ಯೂಆನ್ ಸಾವಿರದ ಆಸುಪಾಸು. ಇಡೀ ಅಗ್ಗದ ಟೆಲಿಸ್ಕೋಪಿನ ಗುಟ್ಟು ಈ ಗುಣಾಕಾರದಲ್ಲಿದೆ. ನಮ್ಮ ಕೊಳವೆಗಳು ಅಂಥಾ ಶಾಣ್ಯಾ ಏನಲ್ಲ. ಎರಡನ್ನೂ ಒಟ್ಟಿಗೆ ಕೇಳುತ್ತೇವೆ, ಅದಕ್ಕೇ ಕೆಲಸ ಆಗುತ್ತದೆ.

ಡಬ್ಬಿಯೊಳಗೆ ಏನಿದೆ

ಕೊಳವೆಗಳು ಗೈಗರ್ ಕೊಳವೆಗಳು. ನಾನು ತರಿಸಿದ್ದು ಹಳೇ ಸೋವಿಯತ್ ಕಾಲದ ಎಸ್‌ಬಿಎಂ-20. ಆನ್‌ಲೈನಿನಲ್ಲಿ ಸಿಗುತ್ತವೆ. ತೆಳು ಉಕ್ಕಿನ ಗೋಡೆ, ಒಳಗೆ ಕಡಿಮೆ ಒತ್ತಡದ ಗ್ಯಾಸು, ನಡುವೆ ಒಂದು ಸಣ್ಣ ತಂತಿ. ತಂತಿಗೂ ಗೋಡೆಗೂ ನಡುವೆ ಸುಮಾರು 400 ವೋಲ್ಟ್. ಕಣ ಹಾದು ಹೋಗುವಾಗ ಗ್ಯಾಸಿನ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುತ್ತದೆ. ಅದು ತಂತಿಯತ್ತ ಓಡುತ್ತಾ ಇನ್ನಷ್ಟನ್ನು ಕೀಳುತ್ತದೆ. ಕ್ಷಣದಲ್ಲಿ ಗ್ಯಾಸಿನೊಳಗೆ ಒಂದು ಪುಟ್ಟ ಮಿಂಚು. ಅದೇ ಆ ಟಕ್.

400 ವೋಲ್ಟ್ ಮಾಡಲು 5 ವೋಲ್ಟನ್ನು ಏರಿಸುವ ಚಿಕ್ಕ ಬೋರ್ಡ್ ಸಿಗುತ್ತದೆ. ಅದರಿಂದ ಕೊಳವೆಗೆ ಹೋಗುವ ದಾರಿಯಲ್ಲಿ 5 ಮೆಗಾಓಮಿನ ಆಸುಪಾಸಿನ ರೆಸಿಸ್ಟರ್ ಇರಲೇಬೇಕು, ಇಲ್ಲದಿದ್ದರೆ ಕೊಳವೆ ಬೇಗ ಹಾಳಾಗುತ್ತದೆ. ಕೊಳವೆಯ ಇನ್ನೊಂದು ತುದಿಯಿಂದ ಬರುವ ಮಿಡಿತವನ್ನು ಒಂದು ಟ್ರಾನ್ಸಿಸ್ಟರಿಗೆ ಕೊಟ್ಟು ಚೊಕ್ಕಮಾಡಿ, ಎರಡೂ ಕೊಳವೆಯ ಮಿಡಿತಗಳನ್ನು ಒಂದು 'ಆ್ಯಂಡ್' ಗೇಟಿಗೆ ಜೋಡಿಸಬೇಕು. ಎರಡೂ ಕಡೆ ಒಟ್ಟಿಗೆ 'ಹೌದು' ಬಂದರೆ ಮಾತ್ರ ಅದು ಹೌದು ಅನ್ನುತ್ತದೆ. ದ್ವಿತೀಯ ಪಿಯುಸಿಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಅದೇ ಗೇಟು. ಅದರ ಹಿಂದೆ ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಸಮಯದ ಸಮೇತ ಎಣಿಕೆಯನ್ನು ಮೆಮೊರಿ ಕಾರ್ಡಿಗೆ ಬರೆಯಲು. ಎರಡು ಕೊಳವೆಗಳ ನಡುವಿನ ಕಬ್ಬಿಣದ ತಟ್ಟೆಯನ್ನು ಗವಿಮಠದ ರಸ್ತೆಯ ವೆಲ್ಡಿಂಗ್ ಅಂಗಡಿಯವರು ಕತ್ತರಿಸಿ ಕೊಟ್ಟರು. ಏತಕ್ಕೆ ಅಂತ ಕೇಳಿ ತಿಳಿದುಕೊಂಡ ಮೇಲೆ ದುಡ್ಡು ತೆಗೆದುಕೊಳ್ಳಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. 400 ವೋಲ್ಟ್ ಹುಡುಗಾಟ ಅಲ್ಲ. ಬ್ಯಾಟರಿ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಮಕ್ಕಳ ಕೈಯಲ್ಲಿ ಮಾಡಿಸುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು.

ಸಾಕ್ಷಿಗಳಿಗೆ ಹೇಳಿಕೊಟ್ಟವರು ಯಾರು?

ಮೊದಲ ವಾರ ಎಣಿಕೆ ಚೆನ್ನಾಗಿತ್ತು. ಆಮೇಲೆ ಒಂದು ವಿಚಿತ್ರ ಕಂಡಿತು. ದಿನಾ ಬೆಳಗ್ಗೆ ಆರರ ಹೊತ್ತಿಗೆ, ಒಂದೆರಡು ಸೆಕೆಂಡಿನಲ್ಲಿ ಏಳೆಂಟು ಟಕ್. ಮತ್ತೆ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಸೂರ್ಯ ಹುಟ್ಟುವ ಹೊತ್ತು ಬೇರೆ! ಸೂರ್ಯನಿಂದ ಏನೋ ಬರುತ್ತಿದೆ ಅಂತ ಎರಡು ದಿನ ನಾನೂ ಹುಡುಗರೂ ಕುಣಿದಾಡಿದೆವು. ಮೂರನೇ ದಿನ ನಸುಕಿನಲ್ಲೇ ಮಾಳಿಗೆ ಹತ್ತಿ ಕಾದೆ. ಪಕ್ಕದ ಮನೆಯವರು ಬೋರಿನ ಮೋಟಾರ್ ಚಾಲೂ ಮಾಡಿದರು, ಡಬ್ಬಿ ಟಕಟಕ ಅಂತು. ಅರ್ಧ ಗಂಟೆಗೆ ಅವರ ಟ್ಯಾಂಕ್ ತುಂಬಿತು, ಮೋಟಾರ್ ಬಂದ್ ಮಾಡಿದರು, ಮತ್ತೆ ಟಕಟಕ.

ಮೋಟಾರಿನ ಸ್ಟಾರ್ಟರಿನಲ್ಲಿ ಕಿಡಿ ಹಾರಿದಾಗ ಅದರ ವಿದ್ಯುತ್ ಸದ್ದು ವಯರುಗಳ ಮೂಲಕ, ಗಾಳಿಯ ಮೂಲಕ ಎರಡೂ ಸರ್ಕ್ಯೂಟಿಗೆ ಒಂದೇ ಕ್ಷಣದಲ್ಲಿ ತಲುಪುತ್ತದೆ. ಇಬ್ಬರು ಸಾಕ್ಷಿಗಳಿಗೂ ಒಬ್ಬನೇ ಕೂತು ಹೇಳಿಕೊಟ್ಟ ಹಾಗೆ. ಎರಡನೇ ಸಾಕ್ಷಿಗೆ ಬೆಲೆ ಇರುವುದು ಅವನು ಸ್ವತಂತ್ರನಾಗಿದ್ದರೆ ಮಾತ್ರ. ಮೂರು ಬದಲಾವಣೆ ಮಾಡಿದೆ. ಮನೆಯ ಕರೆಂಟು ಬಿಟ್ಟು ಬ್ಯಾಟರಿ ಹಾಕಿದೆ. ಡಬ್ಬಿಯ ಮುಚ್ಚಳಕ್ಕೂ ತಂತಿ ಕೊಟ್ಟು, ತಗಡೆಲ್ಲ ಒಂದೇ ಆಗಿ ಅರ್ಥ್ ಆಗುವ ಹಾಗೆ ಮಾಡಿದೆ. ಮೂರನೆಯದು ಮುಖ್ಯವಾದದ್ದು. ಇನ್ನೊಂದು ಕೊಳವೆಯನ್ನು ಬೇಕೆಂತಲೇ ಗೆರೆ ತಪ್ಪಿಸಿ ಪಕ್ಕದಲ್ಲಿಟ್ಟೆ. ಮೇಲೆ ಕೆಳಗಿನ ಎರಡನ್ನೂ ತಟ್ಟುವ ಒಂದು ಮ್ಯೂಆನ್ ಅದನ್ನು ತಟ್ಟಲಾರದು. ಆದ್ದರಿಂದ ಮೂರೂ ಒಟ್ಟಿಗೆ ಬಡಿದರೆ ಅದನ್ನು ಬೇರೆ ಪಟ್ಟಿಗೆ ಹಾಕುತ್ತೇನೆ. ಅದು ಮೋಟಾರ್ ಇರಬೇಕು, ಇಲ್ಲವೇ ಒಟ್ಟೊಟ್ಟಿಗೆ ಇಳಿದ ಕಣಗಳ ಮಳೆ ಇರಬೇಕು. ಆ ಮಳೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಳೆಯುವ ಹಬ್ಬ

ಡಬ್ಬಿ ನೆಟ್ಟಗಿದ್ದಾಗ ಎಣಿಸಿ, ಆಮೇಲೆ 60 ಡಿಗ್ರಿ ವಾಲಿಸಿ ಎಣಿಸಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಓರೆಯಾಗಿ ಬರುವ ಮ್ಯೂಆನ್ ಜಾಸ್ತಿ ಗಾಳಿ ದಾಟಬೇಕು, ದಾರಿಯಲ್ಲೇ ಎಷ್ಟೋ ಸಾಯುತ್ತವೆ. ಕೋಸೈನಿನ ವರ್ಗ ಅನ್ನೋ ನಿಯಮ ಇದು. ನನ್ನ ನೋಟ್‌ಬುಕ್ಕಿನಲ್ಲೂ ಸರಿಸುಮಾರು ಹಾಗೇ ಬಂತು. ಆದರೆ ಅವಸರ ಮಾಡಬಾರದು. 100 ಎಣಿಸಿದರೆ ಅದರಲ್ಲಿ 10ರಷ್ಟು ಹೆಚ್ಚುಕಡಿಮೆ ಸಹಜ. 10,000 ಎಣಿಸಿದರೆ 100ರಷ್ಟು, ಅಂದರೆ ನೂರಕ್ಕೊಂದು. ಸಣ್ಣ ಟೆಲಿಸ್ಕೋಪಿನವರು ದುಡ್ಡಿನ ಬದಲು ದಿನಗಳನ್ನು ಖರ್ಚು ಮಾಡುತ್ತಾರೆ.

ನಮ್ಮ ತಲೆ ಮೇಲಿನ ಗಾಳಿಯ ತೂಕ ಹತ್ತು ಮೀಟರ್ ಆಳದ ನೀರಿಗೆ ಸಮ. ಗಾಳಿಯ ಒತ್ತಡ ಏರಿದ ದಿನ ಆ ಹೊದಿಕೆ ದಪ್ಪವಾಗುತ್ತದೆ, ಎಣಿಕೆ ಸ್ವಲ್ಪ ತಗ್ಗುತ್ತದೆ. ಹೀಗಾಗಿ ಪಕ್ಕದಲ್ಲೊಂದು ಒತ್ತಡದ ಸೆನ್ಸರ್ ಇಡುವುದು ಒಳ್ಳೆಯದು. "ಸರ್, ಮಳಿ ಬಂದ್ರ ಇದಕ್ಕ ಗೊತ್ತಾಗ್ತದೇನ್ರೀ?" ಅಂತ ಒಬ್ಬ ಹುಡುಗ ಕೇಳಿದ. ನಮ್ಮದಕ್ಕೆ ಗೊತ್ತಾಗುವುದು ಕಷ್ಟ. ಆದರೆ ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರ ಗ್ರೇಪ್ಸ್-3 ಅನ್ನೋ ಪ್ರಯೋಗ ಇದೆ. ಅಲ್ಲಿನ ಮ್ಯೂಆನ್ ಟೆಲಿಸ್ಕೋಪಿನ ಹರವು 560 ಚದರ ಮೀಟರ್. 2014ರ ಡಿಸೆಂಬರ್ 1ರಂದು ಅದರ ಮೇಲೆ ಒಂದು ಗುಡುಗಿನ ಮೋಡ ಹಾದು ಹೋಯಿತು. ಮ್ಯೂಆನ್ ಎಣಿಕೆ ಇಳಿದದ್ದನ್ನು ನೋಡಿಯೇ ಆ ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತು ಅಂತ ಲೆಕ್ಕ ಹಾಕಿದರು. ಕೆಳಗೆ ಕೂತು ಮೋಡದ ಹೊಟ್ಟೆಯ ವೋಲ್ಟೇಜ್ ಅಳೆದರು! ಅದರ ಹಿಂದಿರುವ ತತ್ವ ನಮ್ಮ ಬಿಸ್ಕತ್ತು ಡಬ್ಬಿಯದ್ದೇ.

ಇದಕ್ಕೆ ನಮ್ಮ ನಾಡಿನದ್ದೇ ಹಿನ್ನೆಲೆ ಇದೆ. ಹೋಮಿ ಭಾಭಾ ಕಾಸ್ಮಿಕ್ ಕಿರಣದ ಸಂಶೋಧನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಸಿದ್ದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಯೊಳಗೆ ಉಪಕರಣ ಇಳಿಸಿ, ಆಳಕ್ಕೆ ಹೋದಂತೆ ಮ್ಯೂಆನ್ ಹೇಗೆ ಕಡಿಮೆ ಆಗುತ್ತದೆ ಅಂತ ಅಳೆದರು. ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ, ಕಲ್ಲನ್ನೂ ಸಲೀಸಾಗಿ ದಾಟುವ ನ್ಯೂಟ್ರಿನೋ ಅನ್ನೋ ಕಣಗಳ ಗುರುತು ಸಿಕ್ಕಿತು. ಅಷ್ಟು ಕಲ್ಲಿನ ಕೆಳಗೆ ಮ್ಯೂಆನಿನ ಗದ್ದಲ ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ, ಅದಕ್ಕೇ ಅದು ಸಾಧ್ಯವಾಯಿತು. ಕೋಲಾರದ ಗಣಿ ಮುಚ್ಚಿದೆ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಗಣಿ ನಡೆಯುತ್ತಿದೆ. ಲಿಂಗಸುಗೂರು ಕಡೆಯ ಹುಡುಗರಿಗೆ ಈ ಕಥೆ ಹೇಳುವಾಗ ಗಣಿ ಅಂದರೇನು ಅಂತ ವಿವರಿಸಬೇಕಾಗಿಲ್ಲ. ಅವರ ಅಪ್ಪಂದಿರು, ಕಾಕಂದಿರು ಅಲ್ಲಿ ಇಳಿದು ಹತ್ತುತ್ತಾರೆ.

ಬಂಡೆಯೊಳಗೆ ನೋಡಲೂ ಮ್ಯೂಆನ್ ಬರುತ್ತದೆ. ಅಮೆರಿಕದ ಲೂಯಿಸ್ ಅಲ್ವಾರೆಜ್ 1960ರ ದಶಕದ ಕೊನೆಗೆ ಈಜಿಪ್ಟಿನ ಖಾಫ್ರೆ ಪಿರಮಿಡ್ಡಿನಲ್ಲಿ ಹೀಗೆ ಕೋಣೆಗಳನ್ನು ಹುಡುಕಿದರು, ಸಿಗಲಿಲ್ಲ. 2017ರಲ್ಲಿ ಖುಫುವಿನ ಪಿರಮಿಡ್ಡಿನೊಳಗೆ ಒಂದು ದೊಡ್ಡ ಟೊಳ್ಳು ಜಾಗ ಹೀಗೇ ಸಿಕ್ಕಿತು. ಬಳ್ಳಾರಿ ಕೋಟೆ ಗುಡ್ಡದ ಬುಡದಲ್ಲಿ ಡಬ್ಬಿ ಇಟ್ಟು, ಒಂದು ವಾರ ಗುಡ್ಡದ ಕಡೆ, ಒಂದು ವಾರ ಅಷ್ಟೇ ಓರೆಯಲ್ಲಿ ಬಯಲಿನ ಕಡೆ ತಿರುಗಿಸಿ ಎಣಿಸಬೇಕು ಅಂತ ನನಗೆ ಆಸೆ ಇದೆ. ಗುಡ್ಡದ 'ನೆರಳು' ಕಾಣಬೇಕು.

ಗಾಮಾ ಕಿರಣದ ಮಾತು

ದೂರದ ಆಕಾಶದಿಂದ ಬರುವ ಪ್ರೋಟಾನ್, ಹೀಲಿಯಂ ಕಣಗಳಿಗೆಲ್ಲ ಒಂದು ಕೊರತೆ ಇದೆ. ಅವುಗಳಿಗೆ ವಿದ್ಯುತ್ ಚಾರ್ಜ್ ಇದೆ. ನಕ್ಷತ್ರಗಳ ನಡುವಿನ ಕಾಂತಕ್ಷೇತ್ರ ಅವುಗಳನ್ನು ದಾರಿಯುದ್ದಕ್ಕೂ ತಿರುಗಿಸುತ್ತದೆ. ನಮ್ಮ ಹತ್ತಿರ ಬರುವ ಹೊತ್ತಿಗೆ ಯಾವ ಕಡೆಯಿಂದ ಹೊರಟಿದ್ದವು ಅನ್ನೋದು ಅಳಿಸಿ ಹೋಗಿರುತ್ತದೆ. ಗಾಮಾ ಕಿರಣ ಬೆಳಕಿನ ಜಾತಿಯದ್ದು, ಸೀದಾ ಬರುತ್ತದೆ. ಕಣಗಳಿಗೆ ಇಷ್ಟು ವೇಗ ಕೊಡುವ ಜಾಗ ಯಾವುದು ಅಂತ ಅದು ಬೆರಳು ಮಾಡಿ ತೋರಿಸುತ್ತದೆ. ಅದಕ್ಕೇ ಅದರ ಮೇಲೆ ಅಷ್ಟು ಆಸೆ.

ಆದರೆ ಅದೂ ನೆಲಕ್ಕೆ ಬರುವುದಿಲ್ಲ. ಮೇಲೆ ಗಾಳಿಗೆ ಗುದ್ದಿ ಎಲೆಕ್ಟ್ರಾನುಗಳ ಮಳೆ ಹುಟ್ಟಿಸಿ ಮುಗಿಯುತ್ತದೆ. ನಮಗೆ ಸಿಗುವುದು ಆ ಮಳೆ ಬಿಟ್ಟುಹೋಗುವ ಒಂದು ಮಿಂಚು. ಗಾಳಿಯಲ್ಲಿ ಬೆಳಕು ಖಾಲಿ ಜಾಗಕ್ಕಿಂತ 10,000ಕ್ಕೆ ಮೂರು ಪಾಲಿನಷ್ಟು ನಿಧಾನ. ಈ ಎಲೆಕ್ಟ್ರಾನುಗಳು ಅದಕ್ಕಿಂತ ಜೋರಾಗಿ ಓಡುತ್ತವೆ. ತುಂಗಭದ್ರಾ ಹಿನ್ನೀರಿನಲ್ಲಿ ಮೋಟಾರ್ ದೋಣಿ ಓಡಿದರೆ ಹಿಂದೆ ಬಾಣದ ಹಾಗೆ ಅಲೆ ಏಳುತ್ತದೆ. ಹರಿಗೋಲು ಮೆಲ್ಲಗೆ ಹೋದರೆ ಏಳುವುದಿಲ್ಲ. ಗಾಳಿಯಲ್ಲಿ ಏಳುವ ಅಂಥ ಅಲೆಯೇ ಚೆರೆಂಕೋವ್ ಬೆಳಕು. ನೀಲಿ ಬಣ್ಣ. ಸೆಕೆಂಡಿನ ನೂರು ಕೋಟಿಯಲ್ಲಿ ನಾಲ್ಕೈದು ಭಾಗದಷ್ಟು ಹೊತ್ತು ಮಾತ್ರ ಇರುತ್ತದೆ. ನೆಲದ ಮೇಲೆ ಸುಮಾರು 120 ಮೀಟರ್ ತ್ರಿಜ್ಯದ ವೃತ್ತದಲ್ಲಿ ಚೆಲ್ಲುತ್ತದೆ. ಆ ವೃತ್ತದೊಳಗೆ ಎಲ್ಲಿ ಕನ್ನಡಿ ಇಟ್ಟರೂ ಸಿಗುತ್ತದೆ.

ಇದನ್ನು ಮೊದಲು ಹಿಡಿದ ಉಪಕರಣದ ಬಗ್ಗೆ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ. 1952ರಲ್ಲಿ ಇಂಗ್ಲೆಂಡಿನ ಹಾರ್ವೆಲ್ಲಿನಲ್ಲಿ ಬಿಲ್ ಗಾಲ್‌ಬ್ರೈತ್ ಮತ್ತು ಜಾನ್ ಜೆಲ್ಲಿ ಒಂದು ಕಸದ ಡಬ್ಬಿ ತೆಗೆದುಕೊಂಡರು. ಒಳಗೆ 25 ಸೆಂಟಿಮೀಟರಿನ ಕನ್ನಡಿ, ಅದರ ಬೆಳಕು ಸೇರುವ ಕಡೆ ಬೆಳಕನ್ನು ಮಿಡಿತ ಮಾಡುವ ಒಂದು ಫೋಟೋಮಲ್ಟಿಪ್ಲೈಯರ್. ಕತ್ತಲ ಆಕಾಶದತ್ತ ಬಾಯಿ ಮಾಡಿ ಇಟ್ಟರು. ಕೆಲವು ನಿಮಿಷಕ್ಕೊಂದು ಮಿಡಿತ ಬಂತು. ಅದು ನಿಜವಾಗಿ ಕಾಸ್ಮಿಕ್ ಕಿರಣದ್ದೇ ಅಂತ ಹೇಗೆ ಗೊತ್ತು? ಹತ್ತಿರದಲ್ಲೇ ಗೈಗರ್ ಕೊಳವೆಗಳ ಒಂದು ಸಾಲು ಇತ್ತು. ಎರಡೂ ಒಟ್ಟಿಗೆ ಬಡಿಯುತ್ತಿದ್ದವು. ಮತ್ತೆ ಎರಡನೇ ಸಾಕ್ಷಿ!

ಹಾಗಾದರೆ ಕುಷ್ಟಗಿಯ ಹೊಲದಲ್ಲಿ ಅಮಾವಾಸ್ಯೆ ರಾತ್ರಿ ಕಸದ ಡಬ್ಬಿ ಇಟ್ಟು ಗಾಮಾ ಕಿರಣ ಹಿಡಿಯಬಹುದಾ? ಚೆರೆಂಕೋವ್ ಮಿಂಚನ್ನು ಹಿಡಿಯಬಹುದು. ಅದಕ್ಕೆ ನಿಜವಾದ ಕತ್ತಲು ಬೇಕು. ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲು ಕಡೆ ಹೋದರೆ ರಾತ್ರಿ ಆಕಾಶವೇ ಕೆಂಪಗೆ ಬೆಳಗುತ್ತಿರುತ್ತದೆ, ಅಲ್ಲಿ ಆಗದ ಕೆಲಸ. ಆದರೆ ಸಿಕ್ಕ ಮಿಂಚು ಗಾಮಾದ್ದು ಅನ್ನಲು ಬರುವುದಿಲ್ಲ. ಆಕಾಶದಲ್ಲಿ ಚೆನ್ನಾಗಿ ಹೊಳೆಯುವ ಗಾಮಾ ಮೂಲಗಳಲ್ಲೊಂದು ಕ್ರ್ಯಾಬ್ ನೆಬ್ಯುಲಾ, ಸಿಡಿದ ನಕ್ಷತ್ರವೊಂದರ ಉಳಿಕೆ. ಅದರತ್ತ ತಿರುಗಿಸಿದರೂ ಒಂದು ಗಾಮಾ ಮಿಂಚಿಗೆ ಸಾವಿರಕ್ಕೂ ಹೆಚ್ಚು ಪ್ರೋಟಾನ್ ಮಿಂಚುಗಳು ಬರುತ್ತವೆ. ಇಲ್ಲಿ ಎಣಿಸಿದರೆ ಸಾಲದು, ಆಕಾರ ನೋಡಬೇಕು. ಗಾಮಾದ ಮಿಂಚು ಕ್ಯಾಮೆರಾದಲ್ಲಿ ಸಣ್ಣ, ಚೊಕ್ಕ ಮೊಟ್ಟೆಯ ಆಕಾರದಲ್ಲಿ ಕಾಣುತ್ತದೆ. ಪ್ರೋಟಾನಿನದ್ದು ಚದುರಿದ, ಹರಕು ಆಕಾರ. ಇವನ್ನು ಅಳೆದು ಬೇರೆ ಮಾಡುವ ದಾರಿಯನ್ನು ಮೈಕೆಲ್ ಹಿಲ್ಲಾಸ್ 1985ರಲ್ಲಿ ತೋರಿಸಿದರು. ಕಸದ ಡಬ್ಬಿಯಿಂದ ಶುರುವಾದ ಕೆಲಸ 37 ವರ್ಷ ಆದ ಮೇಲೆ, 1989ರಲ್ಲಿ, ಅಮೆರಿಕದ ಅರಿಜೋನಾದ 10 ಮೀಟರ್ ಕನ್ನಡಿಯಿಂದ ಕ್ರ್ಯಾಬ್ ನೆಬ್ಯುಲಾವನ್ನು ಖಚಿತವಾಗಿ ಕಂಡಿತು. ಈಗ ಲಡಾಖಿನ ಹಾನ್ಲೆಯಲ್ಲಿ, 4,000 ಮೀಟರಿಗೂ ಎತ್ತರದಲ್ಲಿ, ನಮ್ಮದೇ ದೇಶದ 21 ಮೀಟರಿನ ಮೇಸ್ ಟೆಲಿಸ್ಕೋಪ್ ಇದೆ. 2024ರ ಅಕ್ಟೋಬರಿನಲ್ಲಿ ಅದರ ಉದ್ಘಾಟನೆ ಆಯಿತು.

ದೊಡ್ಡದರ ಜೊತೆಗೆ ಸಣ್ಣದರ ಕಡೆಗೂ ಕೆಲಸ ನಡೆಯುತ್ತಿದೆ. ಹಳೇ ಫೋಟೋಮಲ್ಟಿಪ್ಲೈಯರ್ ಗಾಜಿನ ಬುರುಡೆ, ಸಾವಿರ ವೋಲ್ಟಿನದ್ದು. ಅದರ ಜಾಗಕ್ಕೆ ಈಗ ಉಗುರಿಗಿಂತ ಚಿಕ್ಕ ಸಿಲಿಕಾನ್ ಚಿಪ್ ಬಂದಿದೆ, ಮೂವತ್ತು ವೋಲ್ಟ್ ಆಸುಪಾಸಿನಲ್ಲಿ ಓಡುತ್ತದೆ. 2011ರಿಂದ ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿ ಫ್ಯಾಕ್ಟ್ ಅನ್ನೋ ಟೆಲಿಸ್ಕೋಪ್ ಇಂಥ ಚಿಪ್ಪುಗಳಿಂದ ಕೆಲಸ ಮಾಡಿ ತೋರಿಸಿತು, ಬೆಳದಿಂಗಳಲ್ಲೂ. ದಕ್ಷಿಣ ಧ್ರುವದ ಐಸ್‌ಆ್ಯಕ್ಟ್ ಇನ್ನೂ ಚಿಕ್ಕದು. ಕನ್ನಡಿಯೇ ಇಲ್ಲ, 55 ಸೆಂಟಿಮೀಟರಿನ ಗೀರುಗೀರಿನ ಚಪ್ಪಟೆ ಪ್ಲಾಸ್ಟಿಕ್ ಮಸೂರ, ಹಿಂದೆ 61 ಚುಕ್ಕೆಯ ಕ್ಯಾಮೆರಾ. ಒಂದು ಡ್ರಮ್ಮಿನಷ್ಟು ಗಾತ್ರ. ಇಬ್ಬರು ಎತ್ತಿ ಇಡಬಹುದಾದ ಗಾಮಾ ಟೆಲಿಸ್ಕೋಪಿನ ದಾರಿ ಇದು ಅಂತ ನನಗನ್ನಿಸುತ್ತದೆ. ಹಲವು ಊರುಗಳಲ್ಲಿ ಇಟ್ಟು ಒಂದೇ ಮೂಲವನ್ನು ದಿನವೂ ಕಾಯುವ ಕೆಲಸಕ್ಕೆ ಇವು ಹೇಳಿ ಮಾಡಿಸಿದಂತಿವೆ.

ಮುಂದಿನ ಹೆಜ್ಜೆ: ಮೂರು ಡಬ್ಬಿ

ಅದೇ ಸಿಲಿಕಾನ್ ಚಿಪ್ಪಿನಿಂದ ಮ್ಯೂಆನ್ ಡಬ್ಬಿಯನ್ನೂ ಉತ್ತಮಗೊಳಿಸಬಹುದು. ಸಿಂಟಿಲೇಟರ್ ಅಂದರೆ ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್. 5 ಸೆಂಟಿಮೀಟರ್ ಚೌಕದ, 1 ಸೆಂಟಿಮೀಟರ್ ದಪ್ಪದ ತುಂಡಿಗೆ ಒಂದು ಚಿಪ್ ಅಂಟಿಸಿ, ಆರ್ಡುಯಿನೋ ಜೋಡಿಸಿ ಸುಮಾರು 100 ಡಾಲರಿನಲ್ಲಿ ಮಾಡುವ ವಿನ್ಯಾಸವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಕಾಸ್ಮಿಕ್‌ವಾಚ್ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಗೈಗರ್ ಕೊಳವೆಗಿಂತ ಚುರುಕು.

ನಮ್ಮ ಕಡೆ ಮಾಡುವವರಿಗೆ ಎರಡು ಎಚ್ಚರಿಕೆ. ಒಂದು, ಬಿಸಿಲು. ಈ ಚಿಪ್ ಕತ್ತಲಲ್ಲೂ ತನ್ನಷ್ಟಕ್ಕೆ ಮಿಡಿಯುತ್ತಿರುತ್ತದೆ. ಎಂಟು ಹತ್ತು ಡಿಗ್ರಿ ಬಿಸಿ ಏರಿದಾಗೊಮ್ಮೆ ಆ ಸುಳ್ಳು ಮಿಡಿತ ಎರಡು ಪಟ್ಟಾಗುತ್ತದೆ, ನಿಜವಾದ ಮಿಡಿತದ ಎತ್ತರ ಕುಗ್ಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಮಾಳಿಗೆ ಮೇಲೆ ತಗಡಿನ ಡಬ್ಬಿಯೊಳಗೆ ಎಷ್ಟು ಬಿಸಿ ಇರುತ್ತದೆ ಅಂತ ನಿಮಗೇ ಗೊತ್ತು. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನೋಡಿದೆ, ಕುಡಿಯುವ ನೀರಿನ ಮಡಕೆಗೆ ಮಾಡುವ ಹಾಗೇ. ತಕ್ಕಮಟ್ಟಿಗೆ ನಡೆಯಿತು. ಇನ್ನೂ ಒಳ್ಳೆಯದು, ಮಾಳಿಗೆ ಬಿಟ್ಟು ಕೆಳಗಿನ ಕೋಣೆಯಲ್ಲಿ ಇಡುವುದು. ಮ್ಯೂಆನಿಗೆ ಒಂದು ಸ್ಲ್ಯಾಬ್ ದಾಟೋದು ಲೆಕ್ಕಕ್ಕಿಲ್ಲ.

ಇನ್ನೊಂದು, ಬೆಳಕಿನ ಸೋರಿಕೆ. ಪ್ಲಾಸ್ಟಿಕ್ಕಿಗೆ ಅಡುಗೆ ಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಮೇಲೆ ಕಪ್ಪು ಟೇಪ್ ಸುತ್ತುತ್ತೇವೆ. ಒಂದು ಮೂಲೆಯಲ್ಲಿ ಸೂಜಿಯಷ್ಟು ಸಂದು ಬಿಟ್ಟರೂ ಸಾಕು, ಎಣಿಕೆ ಸಾವಿರಗಟ್ಟಲೆ ಏರುತ್ತದೆ. ಕತ್ತಲ ಕೋಣೆಯಲ್ಲಿಟ್ಟು ಮೊಬೈಲ್ ಟಾರ್ಚನ್ನು ಅಂಚಿನುದ್ದಕ್ಕೂ ಮೆಲ್ಲಗೆ ಆಡಿಸಿ. ಎಣಿಕೆ ಎಲ್ಲಿ ಜಿಗಿಯುತ್ತದೋ ಅಲ್ಲಿ ಇನ್ನೊಂದು ಸುತ್ತು ಟೇಪ್ ಹಾಕಿ.

ಇಂಥ ಮೂರು ಡಬ್ಬಿಗಳನ್ನು ಕಾಲೇಜಿನ ಮೇಲೆ ಹತ್ತು ಹತ್ತು ಮೀಟರ್ ದೂರದಲ್ಲಿ ಇಡುವ ತಯಾರಿ ಈಗ ನಡೆದಿದೆ. ಒಂದು ಮ್ಯೂಆನ್ ಮೂರನ್ನೂ ತಟ್ಟಲಾರದು. ಮೂರೂ ಒಟ್ಟಿಗೆ ಬಡಿದರೆ, ಮೇಲೆ ಭಾರಿ ಶಕ್ತಿಯ ಒಂದು ಕಣ ಗುದ್ದಿ ಇಡೀ ಮಳೆಯೇ ನಮ್ಮ ಕಾಲೇಜಿನ ಮೇಲೆ ಇಳಿದಿದೆ ಅಂತ ಅರ್ಥ. ಫ್ರಾನ್ಸಿನ ಪಿಯರ್ ಓಜೆ 1938ರಲ್ಲಿ ನೂರಾರು ಮೀಟರ್ ದೂರದ ಕೊಳವೆಗಳು ಒಟ್ಟಿಗೆ ಬಡಿಯುವುದನ್ನು ಕಂಡು ಈ ಮಳೆಯ ಹರವನ್ನು ಲೋಕಕ್ಕೆ ತೋರಿಸಿದರು. ಅವರ ಹೆಸರಿನ ವೀಕ್ಷಣಾಲಯ ಅರ್ಜೆಂಟೀನಾದಲ್ಲಿದೆ. ಒಂದೊಂದರಲ್ಲೂ 12,000 ಲೀಟರ್ ನೀರಿರುವ 1,600ಕ್ಕೂ ಹೆಚ್ಚು ಟ್ಯಾಂಕುಗಳು, 3,000 ಚದರ ಕಿಲೋಮೀಟರಿನಲ್ಲಿ ಹರಡಿವೆ. ಅಷ್ಟು ಹರವು ಬೇಕಾಗುವುದು ಅತಿ ಹೆಚ್ಚು ಶಕ್ತಿಯ ಕಣಗಳು ತೀರಾ ಅಪರೂಪ ಅನ್ನೋ ಕಾರಣಕ್ಕೆ. 1991ರಲ್ಲಿ ಅಮೆರಿಕದ ಯೂಟಾದ ಮೇಲೆ ಬಂದ ಒಂದೇ ಕಣದಲ್ಲಿ ಸುಮಾರು 50 ಜೂಲ್ ಶಕ್ತಿ ಇತ್ತು. ಗಂಟೆಗೆ 90 ಕಿಲೋಮೀಟರಿನಲ್ಲಿ ಬರುವ ಕ್ರಿಕೆಟ್ ಚೆಂಡಿನ ಶಕ್ತಿ, ಕಣ್ಣಿಗೆ ಕಾಣದ ಒಂದು ಕಣದಲ್ಲಿ!

ನಮ್ಮ ಮೂರು ಡಬ್ಬಿಗೆ ಅಂಥದ್ದು ಸಿಗಲಾರದು. ಅಂಗೈಗಿಂತ ಚಿಕ್ಕ ತುಂಡುಗಳಿಗೆ ದಿನಕ್ಕೆ ಬೆರಳೆಣಿಕೆಯಷ್ಟು ಸಣ್ಣ ಮಳೆ ಸಿಕ್ಕರೆ ಪುಣ್ಯ. ಹರವು ಹೆಚ್ಚಿದರೆ ಎಣಿಕೆಯೂ ಏರುತ್ತದೆ. ನೆದರ್ಲೆಂಡ್ಸಿನಲ್ಲಿ ಹೈಸ್ಪಾರ್ಕ್ ಹೆಸರಿನಲ್ಲಿ ಪ್ರೌಢಶಾಲೆಗಳ ಮಾಳಿಗೆ ಮೇಲೆ ದೊಡ್ಡ ಸಿಂಟಿಲೇಟರ್ ಹಲಗೆಗಳನ್ನಿಟ್ಟು, ಜಿಪಿಎಸ್ ಸಮಯದಿಂದ ಶಾಲೆ ಶಾಲೆಯ ಎಣಿಕೆ ಹೋಲಿಸಿ ನೋಡಿದರು. ಗಂಗಾವತಿಯ ಇಬ್ಬರು ಮೇಷ್ಟ್ರು, ಸಿಂಧನೂರಿನ ಒಬ್ಬರು ನಮ್ಮ ಜೊತೆ ಸೇರಲು ಒಪ್ಪಿದ್ದಾರೆ. ಆ ಊರುಗಳು ದೂರ, ಒಂದೇ ಮಳೆ ಎಲ್ಲರಿಗೂ ಬೀಳುವುದಿಲ್ಲ. ಆದರೆ ಗಾಳಿಯ ಒತ್ತಡ ಬದಲಾದಾಗ ಎಲ್ಲರ ಎಣಿಕೆಯೂ ಒಟ್ಟಿಗೆ ಏರಿಳಿಯುತ್ತದಾ ಅಂತ ನೋಡಬಹುದು. ನನ್ನೊಬ್ಬನ ಡಬ್ಬಿಯ ಕಾಯಿಲೆ ಯಾವುದು, ಆಕಾಶದ ಸುದ್ದಿ ಯಾವುದು ಅನ್ನೋದು ಆಗ ತಿಳಿಯುತ್ತದೆ.

ಎರಡು ಡಬ್ಬಿ ತಯಾರಾಗಿವೆ. ಮೂರನೆಯದರ ಒಂದು ಮೂಲೆ ಇನ್ನೂ ಬೆಳಕು ಸೋರುತ್ತಿದೆ. ಶನಿವಾರ ಅರ್ಧ ದಿನದ ಕ್ಲಾಸು ಮುಗಿದ ಮೇಲೆ ಹುಡುಗರು ಟಾರ್ಚು, ಟೇಪು ಹಿಡಿದು ಲ್ಯಾಬಿಗೆ ಬರುತ್ತಾರೆ.